ಹೊಗೆ ಬಿಟ್ಟ ಲೂದಿವಿನಾ

ಇಲೊಯ್ಲೊ ಸೀಮೆಯ ಆ ಹೊಳೆದಂಡೆಯ ಊರಿನಲ್ಲಿ ಲೂದಿವಿನಾ ಎಂದರೆ ಹೊಗೆ, ಹೊಗೆ ಎಂದರೆ ಲೂದಿವಿನಾ. ಮಳೆಗಾಲದಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡರೆ ಸಾಕು, ಆರೋಗ್ಯ ಕೇಂದ್ರದ ಈ ದುಂಡನೆಯ ಹೆಂಗಸು ಸೊಳ್ಳೆ ಕೊಲ್ಲುವ ಹೊಗೆಯಂತ್ರವನ್ನು ಹೆಗಲಿಗೇರಿಸಿ ಗಲ್ಲಿಗಿಳಿಯುತ್ತಿದ್ದಳು. ಊರಿಗೆಲ್ಲ ಅವಳು ಮನಾಂಗ್, ಅಂದರೆ ಅಕ್ಕ. "ಮನಾಂಗ್, ನಮ್ಮ ಅಡುಗೆಮನೆ ಕಡೆಗೂ ಒಂಚೂರು ಬಿಡು" ಎಂದು ಜನ ಕಿಟಕಿಗಳಿಂದ ಕೂಗುತ್ತಿದ್ದರು. ಯಾರಿಗೂ ಇಲ್ಲ ಅನ್ನುವ ಮನಸ್ಸು ಅವಳದಲ್ಲ.

ಒಂದು ಬೇಸಿಗೆಯಲ್ಲಿ ಆರೋಗ್ಯ ಕಾರ್ಯಕರ್ತರಿಗೆಂದು ಪಟ್ಟಣದಲ್ಲಿ ತರಬೇತಿ ನಡೆಯಿತು. ಕಲಿಸುತ್ತಿದ್ದ ಡಾಕ್ಟರ್ ಅಪೊಲೋನಿಯಾ ಮೆಲ್ಲಗೆ ಕೇಳಿದರು:

"ಹೊಗೆ ಹಾಕಿದ ಮೇಲೆ ಜ್ವರ ಇಳೀತು ಅಂತೀರಲ್ಲ, ಹೊಗೆ ಹಾಕದ ಊರಲ್ಲಿ ಇಳೀಲಿಲ್ವಾ?"

"ಮಳೆ ನಿಂತ್ರೆ ಎಲ್ಲ ಕಡೆನೂ ಇಳಿಯುತ್ತೆ" ಅಂದಳು ಪಕ್ಕದೂರಿನವಳೊಬ್ಬಳು.

ಲೂದಿವಿನಾ ಯೋಚನೆಗೆ ಬಿದ್ದಳು. ಇಷ್ಟು ವರ್ಷ ಹೊತ್ತು ತಿರುಗಿದ್ದು ಬರೀ ಹೊಗೆಯನ್ನೇ? ಅಂದು ಮಧ್ಯಾಹ್ನ ತನ್ನ ಪ್ರೀತಿಯ ಸುಟ್ಟ ಕೋಳಿಯನ್ನೂ ಪಕ್ಕದವಳ ತಟ್ಟೆಗೆ ದಾಟಿಸಿದಳು. ಆದರೆ ಮುನಿಸಿಕೊಂಡು ಎದ್ದು ಬರಲಿಲ್ಲ. ಒಂದು ಉಪಾಯ ಫಲಿಸಿತೋ ಇಲ್ಲವೋ ಎಂದು ಹೋಲಿಸಿ ನೋಡುವುದು ಹೇಗೆಂದು ಕೂತು ಕಲಿತಳು.

ಊರಿಗೆ ಬಂದವಳೇ ಊರಿನ ಮುಖಂಡ ಓಸ್ಮುಂಡೊನ ಮನೆಗೆ ಹೋಗಿ, ಹೊಗೆಯ ಬದಲು ಸೊಳ್ಳೆಮರಿ ಹುಟ್ಟುವ ನೀರನ್ನೇ ಹುಡುಕಿ ಇಲ್ಲವಾಗಿಸಿ ನೋಡುತ್ತೇನೆ ಎಂದಳು. ಅವನು ಅವಳ ಸೋದರಮಾವನ ಮಗ.

"ಹೊಗೆ ಆದ್ರೆ ಕಣ್ಣಿಗೆ ಕಾಣುತ್ತೆ ಕಣೇ. ನೀನು ಹುಡುಕ್ತೀನಿ ಅನ್ನೋ ಸೊಳ್ಳೆಮರಿ ಯಾರಿಗೆ ಕಾಣುತ್ತೆ?" ಅಂದ ಅವನು.

"ಮೇಲ್ಕೇರಿಗೆ ಹೊಗೆ ಇರ್ಲಿ. ಕೆಳಕೇರಿ ನಂಗೆ ಬಿಡು. ಮಳೆಗಾಲ ಕಳೀಲಿ, ನೋಡೋಣ."

ತಪ್ಪೆಲ್ಲ ಗಬ್ಬುನಾತದ ಚರಂಡಿಯದ್ದೇ ಎಂದು ಊರವರಂತೆ ಅವಳೂ ನಂಬಿದ್ದಳು. ಮೊದಲ ಮಳೆ ಬೀಳುತ್ತಲೇ ಮೂಗು ಮುಚ್ಚಿಕೊಂಡು ಸೌಟಿನಿಂದ ಮೊಗೆದು ನೋಡಿದಳು. ಡೆಂಗಿ ಸೊಳ್ಳೆಯ ಮರಿ ಒಂದೂ ಸಿಗಲಿಲ್ಲ. ಮನೆ ಮನೆ ಹೊಕ್ಕು ಹುಡುಕುತ್ತ ಕಡೆಗೆ ಮೀನು ಮಾರುವ ಫೆಲಿಸಾಳ ಮಾಡಿಗೆ ಏಣಿ ಹಾಕಿದಳು. ಬಿರುಗಾಳಿಗೆ ತಗಡು ಹಾರದಿರಲೆಂದು ಹೇರಿದ್ದ ಹಳೇ ಟೈರುಗಳೊಳಗೆ ತಿಳಿನೀರು, ನೀರಿನ ತುಂಬ ಮಿಡುಕುವ ಮರಿಗಳು. ಪಕ್ಕದ ಮಾಡುಗಳಲ್ಲೂ ಅದೇ ಕಥೆ.

"ಟೈರು ತೆಗೆದ್ರೆ ತಗಡಿನ ಮೇಲೆ ನೀನು ಕೂರ್ತೀಯಾ?" ಅಂದಳು ಫೆಲಿಸಾ.

"ನಾನು ಕೂತ್ರೆ ನಿನ್ನ ಮನೆ ಉಳಿಯಲ್ಲ."

ಇಬ್ಬರೂ ನಕ್ಕರು. ಟೈರು ಅಲ್ಲೇ ಇರಲಿ, ನೀರು ಸೋರಿಹೋಗುವಂತೆ ತೂತು ಕೊರೆಸೋಣ ಎಂದಾಯಿತು. ಪಂಚರ್ ಅಂಗಡಿಯವನು ಡ್ರಿಲ್ ಕೊಟ್ಟ, ಕೆಳಕೇರಿಯ ಟೈರುಗಳಿಗೆಲ್ಲ ತೂತು ಬಿತ್ತು.

ಆ ಮಳೆಗಾಲ ಕೆಳಕೇರಿಯಲ್ಲಿ ಜ್ವರ ಬಿದ್ದವರು ಅಪರೂಪ. ಹೊಗೆ ಕುಡಿದ ಮೇಲ್ಕೇರಿಯಿಂದ ಒಬ್ಬರಾದ ಮೇಲೊಬ್ಬರು ಆಸ್ಪತ್ರೆ ಸೇರಿದರು, ಓಸ್ಮುಂಡೊನ ಮೊಮ್ಮಗಳೂ. ಲೂದಿವಿನಾಗೆ ಗೆದ್ದೆ ಅನ್ನಿಸಲಿಲ್ಲ. ಗಂಜಿ ಮಾಡಿಕೊಂಡು ಹೋಗಿ ಮಗುವಿನ ಕಾಲು ಒತ್ತುತ್ತ ಕೂತಳು. ಮಗು ಗುಣವಾಗಿ ಮನೆಗೆ ಬಂತು.

"ನೀ ಹೇಳಿದ್ದೇ ಸರಿ ಬಿಡು" ಅಂದ ಓಸ್ಮುಂಡೊ.

"ಒಂದೇ ಮಳೆಗಾಲ ನೋಡಿ ಹಂಗೆಲ್ಲ ಹೇಳ್ಬಾರ್ದು. ಬರೋ ವರ್ಷಾನೂ ನೋಡ್ಬೇಕು. ಹಂಗಂತ ಮೇಲ್ಕೇರಿನ ಕಾಯಿಸೋದು ಬೇಡ."

ಮರುದಿನ ಬೆಳಿಗ್ಗೆ ಮುಖಂಡನೇ ಡ್ರಿಲ್ ಹಿಡಿದು ತನ್ನ ಮಾಡು ಹತ್ತಿದ. ಕೆಳಗೆ ಏಣಿ ಹಿಡಿದು ನಿಂತ ಲೂದಿವಿನಾ, "ತೂತು ತಳಕ್ಕೆ ಹೊಡಿಯೋ, ಪಕ್ಕಕ್ಕಲ್ಲ" ಎಂದು ಗದರಿದಳು. ಅವನು ಟೈರು ಹೊರಳಿಸಿದ.