ಒಬ್ಬನಿಗೇನು ಅಡುಗೆ

ನಮ್ಮ ಚಿಕ್ಕಮ್ಮನ ಬಾಯಿ ಜೋರು. ಅರ್ಧ ಆಯುಷ್ಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಸವೆಸಿ ನಿವೃತ್ತಳಾದವಳು, ಕಾಲು ಚಾಚಿ ಕೂರುವುದು ಬಿಟ್ಟು ಹಳೆಯ ವ್ಯಾನೊಂದನ್ನು ಕೊಂಡು ತರಕಾರಿ ಮಾರಲು ಹೊರಟಳು. ಅದೂ ಎಲ್ಲಿಗೆ? ಕಾರ್ಖಾನೆಗಳ ಹಿಂದಿನ ವಠಾರಗಳಿಗೆ. ಅಲ್ಲಿದ್ದದ್ದು ಒಂದೇ ಅಂಗಡಿ, ಅದರ ತುಂಬ ಬಿಸ್ಕತ್ತು, ಚಿಪ್ಸು, ಬಣ್ಣದ ಸೋಡಾ. ಒಂದು ಹಿಡಿ ಸೊಪ್ಪು ಬೇಕೆಂದರೂ ಬಸ್ಸು ಹತ್ತಬೇಕು. "ಇಲ್ಲಿ ಹಸಿರು ಅಂದ್ರೆ ಗೋಡೆಗೆ ಬಳಿಯೋ ಬಣ್ಣ ಅಷ್ಟೇ ಕಣೇ!" ಎಂದು ನನ್ನ ಮೇಲೆ ಹರಿಹಾಯ್ದಳು, ನಾನೇ ಬಳಿದ ಹಾಗೆ.

ವಾರಕ್ಕೊಮ್ಮೆ ವ್ಯಾನಿನ ಹಿಂಬಾಗಿಲು ತೆರೆದು, ಅಲ್ಲೇ ಒಲೆ ಹೊತ್ತಿಸಿ, ಯಾವುದಾದರೊಂದು ತರಕಾರಿ ಬೇಯಿಸಿ ಎಲ್ಲರ ಕೈಗೂ ಒಂದು ಚಮಚ ಹಾಕುತ್ತಿದ್ದಳು. ರುಚಿ ಮೊದಲು, ವ್ಯಾಪಾರ ಆಮೇಲೆ. ಜೊತೆಗೆ ಪುಕ್ಕಟೆ ಪಾಠ: ಸೊಪ್ಪನ್ನು ಹೆಚ್ಚುವ ಮೊದಲೇ ತೊಳೀರಿ, ಮೂಲಂಗಿ ಎಲೆ ಬಿಸಾಡಬೇಡ್ರಿ, ಬೇಯಿಸಿದ ನೀರು ಚೆಲ್ಲಬೇಡ್ರಿ. ತಕ್ಕಡಿ ಹಿಡಿಯುವ ಕೆಲಸ ನನ್ನದು.

ಈ ಪಾಠದ ಮೊದಲ ಸಾಲಿನ ವಿದ್ಯಾರ್ಥಿ ಮೆಟ್ಟಿಲ ಕೆಳಗಿನ ಕೋಣೆಯ ಇಸ್ತ್ರಿಯವನು. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ. ಸಕ್ಕರೆ ಕಾಯಿಲೆ ಬೇರೆ; ಕಾಲ್ಬೆರಳಿನ ಗಾಯ ಮಾಯುತ್ತಲೇ ಇರಲಿಲ್ಲ. ಊಟ ತಿದ್ದಿಕೊಳ್ಳದಿದ್ದರೆ ಬೆರಳಷ್ಟೇ ಅಲ್ಲ, ಕಾಲೂ ಹೋದೀತೆಂದು ಡಾಕ್ಟರು ಹೇಳಿದ್ದರು. ದಿನವಿಡೀ ನಿಂತು ಇಸ್ತ್ರಿ ಉಜ್ಜುವವನಿಗೆ ಕಾಲು ಹೋದರೆ ಉಳಿಯುವುದೇನು? ಚಿಕ್ಕಮ್ಮ ಹಟ ಹಿಡಿದಳು. ಪ್ರತಿ ವಾರ ತಾನೇ ಆರಿಸಿ, ಚೀಲಕ್ಕೆ ಗಂಟು ಹಾಕಿ ಕೊಡುತ್ತಿದ್ದಳು. ಹೋದ ವಾರದ್ದು ಹೇಗಿತ್ತು ಎಂದು ಕೇಳಿದರೆ, "ಅಮೃತ ಅಕ್ಕಾ, ಅಮೃತ!" ಎನ್ನುತ್ತಿದ್ದ.

ಒಂದು ದಿನ ಬಟ್ಟೆ ತರಲು ಇಬ್ಬರೂ ಅವನ ಕೋಣೆಗೆ ಹೋದೆವು. ಮೂಗಿಗೆ ಕೊಳೆತ ವಾಸನೆ ಬಡಿಯಿತು. ಇಸ್ತ್ರಿ ಮೇಜಿನ ಕೆಳಗೆ ಹೋದ ವಾರದ ಚೀಲ, ಅದರ ಹಿಂದಿನ ವಾರದ್ದು. ಚಿಕ್ಕಮ್ಮ ಹಾಕಿದ ಗಂಟು ಹಾಗೇ ಇತ್ತು.

"ಇದೇನಪ್ಪಾ ನಿನ್ನ ಅಮೃತ?"

ಅವನು ತಲೆ ತಗ್ಗಿಸಿದ. "ನೀವು ಅಷ್ಟು ಪ್ರೀತಿಯಿಂದ ಕೊಡ್ತೀರಿ. ಬೇಡ ಅನ್ನೋಕೆ ದಾಕ್ಷಿಣ್ಯ."

"ದಾಕ್ಷಿಣ್ಯಕ್ಕೆ ಕಾಲು ಕಳ್ಕೊಳ್ತೀಯಾ? ಅಷ್ಟು ಹೇಳ್ಕೊಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೋ!"

"ಹೇಳ್ಕೊಟ್ಟಿದ್ದೆಲ್ಲ ನೆನಪಿದೆ ಅಕ್ಕಾ. ಆದ್ರೆ ಒಬ್ಬನಿಗೇನು ಅಡುಗೆ? ಒಲೆ ಮುಂದೆ ನಿಂತ್ರೆ ಕೈಯೇ ಏಳಲ್ಲ. ಎರಡು ಬನ್ನು ತಿಂದು ಮಲಗ್ತೀನಿ." ಆಮೇಲೆ ಮೆಲ್ಲಗೆ ಕೇಳಿದ, "ನೀವೂ ಒಬ್ರೇ ಅಲ್ವಾ? ನಿಮಗೆ ಏನು ಮಾಡ್ಕೊಳ್ತೀರಿ?"

ಚಿಕ್ಕಮ್ಮ ಕೊಳೆತ ಚೀಲಗಳನ್ನು ಎತ್ತಿಕೊಂಡು ಹೊರಗೆ ನಡೆದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ಇವಳು ಮನೆಯಲ್ಲಿ ಬದನೆಕಾಯಿಯನ್ನೂ ತಿನ್ನುತ್ತಿರಲಿಲ್ಲ. ಊರಿಗೆಲ್ಲ ಉಣ್ಣಲು ಕಲಿಸಿ ಬಂದು ರಾತ್ರಿ ಚಹಾಕ್ಕೆ ಬ್ರೆಡ್ಡು ಅದ್ದಿಕೊಂಡು ಮುಗಿಸುತ್ತಿದ್ದಳು. ಹೇಳಿದರೆ ನನಗೇ ಬೈಗುಳ. ಗೊತ್ತಿಲ್ಲದವರಿಗೆ ಕಲಿಸಬಹುದು. ಎಲ್ಲ ಗೊತ್ತಿದ್ದೂ ಒಲೆ ಹಚ್ಚದವರಿಗೆ ಏನು ಕಲಿಸುವುದು? ನನಗೆ ಇವತ್ತಿಗೂ ಸರಿಯಾಗಿ ತಿಳಿಯದು.

ಮುಂದಿನ ವಾರ ಚಿಕ್ಕಮ್ಮ ಪಾಠ ಮಾಡಲಿಲ್ಲ. ವಠಾರದ ಸೈಕಲ್ ಶೆಡ್ಡಿನಲ್ಲಿ ಒಂದು ಮೇಜು ಹಾಕಿಸಿ, ಇಸ್ತ್ರಿಯವನ ಕೈಗೆ ಚಾಕು ಕೊಟ್ಟಳು. "ಹೆಚ್ಚು. ಇಲ್ಲೇ ಮಾಡಿ ಇಲ್ಲೇ ಉಣ್ಣೋಣ." ಮೂರನೇ ಮಹಡಿಯ ಟೈಲರಮ್ಮ ತನ್ನ ಕುಕ್ಕರ್ ತಂದಳು. ಬರಬರುತ್ತಾ ದಿನವೂ ಸಂಜೆ ಯಾರಾದರೊಬ್ಬರು ಒಲೆ ಹಚ್ಚತೊಡಗಿದರು. ವ್ಯಾನು ಬಾರದ ದಿನವೂ ಚಿಕ್ಕಮ್ಮ ಬಸ್ಸು ಹಿಡಿದು ಬರುತ್ತಿದ್ದಳು. ಇಸ್ತ್ರಿಯವನು ಬೀನ್ಸನ್ನು ಎಷ್ಟು ಒಪ್ಪವಾಗಿ ಹೆಚ್ಚುತ್ತಿದ್ದನೆಂದರೆ, "ಮಡಚಿ ಇಸ್ತ್ರಿಯನ್ನೂ ಹಾಕಿಬಿಡು," ಎಂದು ಟೈಲರಮ್ಮ ರೇಗಿಸುತ್ತಿದ್ದಳು. ಅವನ ಸಕ್ಕರೆ ಇಳಿಯಿತು. ಆದರೆ ಬೆರಳಿಗೆ ಆಗಲೇ ತಡವಾಗಿತ್ತು.

ಬೆರಳು ತೆಗೆದರು, ಕಾಲು ಉಳಿಯಿತು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಚಿಕ್ಕಮ್ಮ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಊಟ ಕೊಡಬಹುದೆಂದ ದಿನ ಡಬ್ಬಿ ಹೊತ್ತು ಹೊರಟಳು. ಇಸ್ತ್ರಿಯವನು ಮುಚ್ಚಳ ತೆಗೆದ, ಚಮಚ ಮುಟ್ಟಲಿಲ್ಲ.

"ನಿಮ್ದೆಲ್ಲಿ ಅಕ್ಕಾ?"

"ನಂದು ಆಯ್ತು. ನೀನು ತಿನ್ನು."

"ಸುಳ್ಳು. ಅಲ್ವೇನಮ್ಮಾ?" ಎಂದು ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ. ಅವನು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. "ಹಂಗಾದ್ರೆ ನಂಗೂ ಬೇಡ."

"ಬೆರಳು ಹೋದ್ರೂ ಕೊಬ್ಬು ಹೋಗಿಲ್ಲ ನೋಡೇ ಇವನಿಗೆ!" ಎಂದು ಚಿಕ್ಕಮ್ಮ ಗದರಿದಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅವನು ಅಲುಗಲಿಲ್ಲ. ಚಿಕ್ಕಮ್ಮ ಮಂಚದ ಅಂಚಿಗೆ ಕುಳಿತು, ಡಬ್ಬಿಯ ಮುಚ್ಚಳ ತೆಗೆದು ಅದನ್ನೇ ತಟ್ಟೆಯ ಹಾಗೆ ಅವನ ಮುಂದೆ ಹಿಡಿದಳು.

"ಹೂಂ, ಹಾಕು. ಬೆಳಗ್ಗೆಯಿಂದ ನನ್ನ ಹೊಟ್ಟೆಗೂ ಏನೂ ಇಲ್ಲ."