ಎರಡನೇ ಸಿಸ್ಟಮ್ ಹಾಕಿದ ಸಂಜೆ

ಶನಿವಾರ ಕುಣಿಗಲ್‌ನಲ್ಲಿ ಕೆಲಸ ಮುಗಿಸಿ ಬರುವಾಗಲೇ ಭಾವ ಪೆನ್‌ಡ್ರೈವ್‌ಗೆ ಲಿನಕ್ಸ್ ಅನ್ನುವ ಇನ್ನೊಂದು ಸಿಸ್ಟಮ್ ತುಂಬಿಸಿಕೊಂಡು ಬಂದಿದ್ದರು. ಅಕ್ಕನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದ ಹಾಗೇ ಇರುತ್ತದೆ, ಅದರ ಪಕ್ಕದಲ್ಲಿ ಇದೂ ಕೂರುತ್ತದೆ, ಆನ್ ಮಾಡಿದಾಗ ಬೇಕಾದದ್ದನ್ನು ಆರಿಸಿಕೊಂಡರಾಯಿತು. ದನಿಯನ್ನು ಅಕ್ಷರಕ್ಕಿಳಿಸುವ ಯಾವುದೋ ಸಾಫ್ಟ್‌ವೇರ್‌ಗೆ ಅದು ಬೇಕಿತ್ತಂತೆ. ಅಕ್ಕ ಗುಬ್ಬಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ರಜೆಯಲ್ಲಿ ಹಳ್ಳಿ ಸುತ್ತಿ ರಾಗಿ ಬೀಸುವ ಹಾಡುಗಳನ್ನು ರೆಕಾರ್ಡ್ ಮಾಡಿದ್ದಳು. ಹಾಡಿಕೊಟ್ಟವರಲ್ಲಿ ಹಾಗಲವಾಡಿಯ ಅಜ್ಜಿಯೊಬ್ಬರು ಆಮೇಲೆ ತೀರಿಕೊಂಡರು. ಅವರ ದನಿ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ.

"ಹಾರ್ಡ್‌ಡಿಸ್ಕ್ ಕಾಲೇಜಲ್ಲಿದೆ ಕಣ್ರೀ. ಹಾಡೆಲ್ಲ ಅದಕ್ಕೆ ಕಾಪಿ ಮಾಡ್ಕೊಂಡು ಸೋಮವಾರ ಹಾಕೋಣ್ವಾ?" ಅಂದಳು ಅಕ್ಕ.

"ಏನೂ ಆಗಲ್ಲ ಬುಡು. ಸೈಟ್ ಅರ್ಧ ಮಾಡ್ದಂಗೆ. ನಿನ್ ಮನೆ ನಿನ್ ಕಡೇಲೇ ಇರುತ್ತೆ."

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಚಾರ್ಜರ್ ಕಿತ್ತರೆ ಆ ಕ್ಷಣವೇ ಆಫ್. ಅದರೊಳಗಿನ ಡಿಸ್ಕನ್ನು ಎರಡು ಸಿಸ್ಟಮ್‌ಗೆ ಪಾಲು ಮಾಡುವ ಕೆಲಸ ನಡೆದಿತ್ತು. ಪರದೆಯ ಮೇಲೆ ನೀಲಿ ಪಟ್ಟಿ ಇಷ್ಟಿಷ್ಟೇ ತುಂಬುತ್ತಿತ್ತು, ಕೆಳಗೆ ಆಫ್ ಮಾಡಬೇಡಿ ಎಂಬ ಎಚ್ಚರಿಕೆ. ಆಗ ನಮ್ಮ ಉಪ್ಪಾರಹಳ್ಳಿಯ ಮೇಲೆ ಗುಡುಗಿತು.

ಹಿಂದೊಮ್ಮೆ ಸಿಡಿಲಿಗೆ ಟೀವಿ ಸುಟ್ಟುಹೋದಾಗಿನಿಂದ, ಗುಡುಗಿದರೆ ಅಮ್ಮ ಯಾರನ್ನೂ ಕೇಳದೆ ವರಾಂಡದ ಮೇನ್ ಸ್ವಿಚ್ ಆರಿಸುತ್ತಾರೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವರು ವರಾಂಡಕ್ಕೆ ಹೋದದ್ದನ್ನು ನೋಡಿದೆ. ಒಣಗಿದ ಬಟ್ಟೆ ತರಲು ಅಂದುಕೊಂಡೆ.

"ಅಮ್ಮಾ, ಬೇಡಾ!" ಅಕ್ಕ ಕಿರುಚಿದಳು. ಅಷ್ಟರಲ್ಲಿ ಟಕ್ ಎಂದಿತು. ಪರದೆ ಕಪ್ಪಾಯಿತು. ಫ್ಯಾನು ಮಾತ್ರ ಇನ್ನೂ ಸುತ್ತುತ್ತಾ ನಿಧಾನವಾಗುತ್ತಿತ್ತು.

"ಹಾಕಮ್ಮಾ ಮೇನು!"

"ಹಾಕಲ್ಲ. ಸಿಡ್ಲು ಬಡುದ್ರೆ ಆ ಹಾಡ್ ಕೇಳಕ್ಕೆ ನೀನಿರ್ಬೇಕಲ್ಲೇ?"

ಮೋಡ ಸರಿಯುವವರೆಗೂ ಹಾಗೇ ಕೂತೆವು. ಭಾವ ಮೊಬೈಲಿನಲ್ಲಿ ಏನೋ ಓದಿ, ಪಕ್ಕಕ್ಕಿಟ್ಟು, ಮತ್ತೆ ತೆಗೆದರು. "ಹೋಗಿರಲ್ಲ ಅಲ್ವಾ?" ಎಂದು ಅಕ್ಕ ಕೇಳಿದಾಗ ಅವರು ಚಾರ್ಜರ್ ಪಿನ್ನನ್ನು ಮತ್ತೊಮ್ಮೆ ಒತ್ತಿ ನೋಡಿದರು.

ಕರೆಂಟು ಹಾಕಿದ ಮೇಲೆ ವಿಂಡೋಸ್ ಬರಲಿಲ್ಲ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದೆರಡು ಸಾಲು, ಅಷ್ಟೆ. ಭಾವ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ಒಳಗೆ ಹುಡುಕಿದರು. ಹಾಡುಗಳ ಫೋಲ್ಡರ್ ಕಂಡಿತು. ಕೆಲವು ಫೈಲುಗಳು ತೆರೆಯಲಿಲ್ಲ. ಅಕ್ಕ ಅವರ ಕೈ ಸರಿಸಿ ಅಜ್ಜಿಯ ಫೈಲನ್ನು ತಾನೇ ಒತ್ತಿದಳು.

ಕೆಮ್ಮು ಕೇಳಿತು. ಆಮೇಲೆ, "ಸುರು ಮಾಡ್ಲೇನವ್ವಾ?"

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಹಾಡು ಪೂರ್ತಿ ಬಂತು. ಆದರೆ ನಾನು ಒಂದು ಪದವನ್ನೂ ಕೇಳಿಸಿಕೊಳ್ಳಲಿಲ್ಲ. ಈ ಸಾಲಿಗೆ ತುಂಡಾಗುತ್ತದೆ, ಇಲ್ಲ, ಮುಂದಿನದಕ್ಕೆ ಎಂದು ಉಸಿರು ಹಿಡಿದು ಕಾಯುತ್ತಿದ್ದೆ. ಈಗ ಅದರ ಕಾಪಿಗಳು ಎಲ್ಲೆಲ್ಲೋ ಇವೆ. ಅಕ್ಕ ಅದನ್ನು ಹಾಕಿದಾಗಲೆಲ್ಲ ನಾನು ಇವತ್ತಿಗೂ ಹಾಗೇ ಕಾಯುತ್ತೇನೆ.