ಐದನೇ ದೋಣಿಯ ಬಾಲ ಹಿಡಿದವನು

ನಮ್ಮ ವಂಶದಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದವರು ಇಬ್ಬರೇ. ಇಬ್ಬರೂ ನನ್ನ ಸೋದರಮಾವಂದಿರು. ಇಬ್ಬರೂ ಒಂದೇ ದಿನ ಏರಿ, ಅದೇ ಸಂಜೆಯೊಳಗೆ ಇಳಿದೂಬಿಟ್ಟರು. ಚಿಕ್ಕ ಮಾವ ಏರಿದ್ದು ಮಂಡಿಯೂರಿ, ದೊಡ್ಡ ಮಾವ ಬೋರಲು ಬಿದ್ದು.

ದೊಡ್ಡ ಮಾವ ಹಲ್ಲಿನ ಡಾಕ್ಟರ ಬಳಿ ಕಾಂಪೌಂಡರ್. ರೋಗಿಗಳನ್ನು ಒಳಗೆ ಕರೆಯುವುದು, ಬಾಯಿ ಮುಕ್ಕಳಿಸಲು ನೀರು ಕೊಡುವುದು, ಉಗುಳುವ ಬೋಗುಣಿ ತೊಳೆಯುವುದು, ಇವೆಲ್ಲ ಚಿಲ್ಲರೆ ಕೆಲಸ. ಅವನ ನಿಜವಾದ ಪ್ರತಾಪ ಕಾಣುತ್ತಿದ್ದದ್ದು ದವಡೆ ಹಲ್ಲು ಕೀಳುವಾಗ. ಕುರ್ಚಿಯ ಹಿಂದೆ ನಿಂತು ರೋಗಿಯ ತಲೆಯನ್ನು ಎರಡು ಅಂಗೈಗಳ ನಡುವೆ ಒತ್ತಿಕೊಂಡನೆಂದರೆ, ಕುರ್ಚಿ ಅಲುಗಬಹುದು, ಕಟ್ಟಡ ಅಲುಗಬಹುದು, ತಲೆ ಮಾತ್ರ ಅಲುಗದು. ರೋಗಿ ಎಷ್ಟು ಕೊಸರಿದರೆ ಹಿಡಿತ ಅಷ್ಟು ಬಿಗಿ. ಕಿತ್ತ ಹಲ್ಲು ಸ್ಟೀಲಿನ ತಟ್ಟೆಗೆ ಠಣ್ ಎಂದು ಬಿದ್ದ ಮೇಲೆಯೇ ಕೈ ಸಡಿಲ. ಊರಿನ ಅರ್ಧ ಜನರ ತಲೆಯ ಆಕಾರ ಅವನ ಅಂಗೈಗೆ ಬಾಯಿಪಾಠವಾಗಿತ್ತು. ಬೀದಿಯವರು ಅವನಿಗೆ ಇಕ್ಕಳ ಎಂದು ಹೆಸರಿಟ್ಟಿದ್ದರು.

ಚಿಕ್ಕ ಮಾವ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತುಹಾಕುವವ. ಉಳಿದ ಹೊತ್ತೆಲ್ಲ ಸರೋವರದಲ್ಲಿ. ದೋಣಿ ಎಂದರೆ ನೀವು ಕಾಲು ಚಾಚಿ ಕೂತು ಕಡಲೆಕಾಯಿ ತಿನ್ನುತ್ತೀರಲ್ಲ, ಅದಲ್ಲ. ಸೀಳಿದ ಹುರುಳಿಕಾಯಿಯಂಥದ್ದು. ಅದರಲ್ಲಿ ಒಂದು ಮಂಡಿ ಊರಿ, ಇನ್ನೊಂದು ಕಾಲು ಮುಂದಿಟ್ಟು, ಒಂದೇ ಹುಟ್ಟನ್ನು ಒಂದೇ ಬದಿಗೆ ಹಾಕುತ್ತ ಗಾಳಿಯಂತೆ ಹೋಗಬೇಕು. ಸೀನಿದರೆ ಮಗುಚುತ್ತದೆ. ಸಿಲಿಂಡರೂ ಹುಟ್ಟೂ ಬಲಗಡೆಗೇ ಬಿದ್ದದ್ದರಿಂದ ಚಿಕ್ಕ ಮಾವನ ಬಲಭುಜ ಪೈಲ್ವಾನನದು, ಎಡಭುಜ ಗುಮಾಸ್ತನದು. ಅವನಿಗೆ ಅಂಗಿ ಹೊಲಿಯುವ ದರ್ಜಿ ಎರಡು ಗಿರಾಕಿಗಳ ಅಳತೆ ತೆಗೆದುಕೊಂಡಷ್ಟು ನಿಟ್ಟುಸಿರು ಬಿಡುತ್ತಿದ್ದ.

ತಾತ ಬೇಗ ತೀರಿಕೊಂಡಿದ್ದರು. ತಮ್ಮನನ್ನು ಓದಿಸಿದ್ದು, ಓದು ತಲೆಗೆ ಹತ್ತದಿದ್ದಾಗ ದೋಣಿ ಕೊಡಿಸಿದ್ದು, ಎಲ್ಲ ದೊಡ್ಡ ಮಾವನೇ.

ನಮ್ಮ ಸರೋವರಕ್ಕೆ ಬೇರೆ ಯಾವ ಸೌಂದರ್ಯವೂ ಇಲ್ಲದಿದ್ದರೂ ಅದು ನೆಟ್ಟಗಿತ್ತು. ಆ ಒಂದು ಗುಣ ನೋಡಿ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ನಮ್ಮೂರಿಗೆ ಬಂತು. ಗಂಡಸರ ಒಂಟಿ ದೋಣಿಯ ಓಟದಲ್ಲಿ ಚಿಕ್ಕ ಮಾವ ಯಾರೂ ನಂಬದ ಹಾಗೆ ಫೈನಲ್ ತಲುಪಿದ. ಹಲ್ಲಿನ ಡಾಕ್ಟರೇ ದೋಣಿ ಕ್ಲಬ್ಬಿನ ಕಾರ್ಯದರ್ಶಿ. "ಪದಕ ತಗೊಂಡು ಬಾ, ಕ್ಲಬ್ಬಿನಲ್ಲಿ ಕೋಚ್ ಕೆಲಸ ನಿನ್ನದೇ. ಸಿಲಿಂಡರ್ ಇಳಿಸಿಬಿಡು" ಎಂದು ಮಾತು ಕೊಟ್ಟಿದ್ದರು. ಮೂರರೊಳಗೆ ಬಂದರೆ ಸಾಕಿತ್ತು.

ಈಗ ಓಟ ಶುರುವಾಗುವವರೆಗೆ ದೋಣಿಯ ಮೂತಿಯನ್ನು ತಡೆದಿಡುವ ಯಂತ್ರದ ಬಾಗಿಲು ಬಂದಿದೆಯಂತೆ. ಆಗ ಮನುಷ್ಯನ ಕೈಯೇ ಗತಿ. ಓಟ ಶುರುವಾಗುವಲ್ಲಿ ನೀರ ಮೇಲೆ ಹಲಗೆಯ ಅಟ್ಟ. ಅದರ ಮೇಲೆ ದೋಣಿಗೊಬ್ಬರಂತೆ ಬೋರಲು ಮಲಗಿ, ಕೈ ಚಾಚಿ, ದೋಣಿಯ ಬಾಲ ಹಿಡಿದುಕೊಳ್ಳಬೇಕು. ಪಿಸ್ತೂಲಿನ ಸದ್ದಿಗೆ ಬಿಡಬೇಕು.

"ಹಿಡಿಯೋದರಲ್ಲಿ ಈ ಊರಲ್ಲಿ ನಿನ್ನ ಮೀರಿಸೋರು ಯಾರಿದ್ದಾರಯ್ಯಾ?" ಎಂದು ಡಾಕ್ಟರು ದೊಡ್ಡ ಮಾವನನ್ನು ನೇಮಿಸಿದರು. ಒಡಹುಟ್ಟಿದವನಿಗೆ ಅನುಕೂಲ ಮಾಡಿಕೊಟ್ಟಾನು ಎಂಬ ದೂರದೃಷ್ಟಿಯಿಂದ ತಮ್ಮನ ದೋಣಿಯ ಬದಲು ಐದನೆಯ ದೋಣಿ ಕೊಟ್ಟರು. ಅದು ಹಳೆಯ ಚಾಂಪಿಯನ್‌ನದು, ಕೆಂಪು ಗಡ್ಡದ ಪರದೇಶಿಯದು. ಬೇರೆಯವರಿಗೆ ಅನಾನುಕೂಲ ಮಾಡಿಯಾನು ಎಂಬಷ್ಟು ದೂರಕ್ಕೆ ಆ ದೃಷ್ಟಿ ಹೋಗಲಿಲ್ಲ.

ನಮ್ಮ ಅಜ್ಜಿಯ ದೃಷ್ಟಿ ಅಷ್ಟು ದೂರ ಹೋಯಿತು.

"ದೊಡ್ಡೋನೇ, ಒಂದು ಉಸಿರು ಜಾಸ್ತಿ ಹಿಡ್ಕೊಂಡ್ರೆ ನಿನ್ನ ಕೈಯೇನು ಸವೆದುಹೋಗುತ್ತಾ?"

"ಅಮ್ಮಾ, ಅದೆಲ್ಲ ನಂಗೆ ಹೇಳ್ಬೇಡ."

ಎದುರುಮನೆಯ ಇಸ್ತ್ರಿ ಅಂಗಡಿಯವನು ಕೆಂಡಕ್ಕೆ ಗಾಳಿ ಹಾಕುತ್ತಲೇ ಕೂಗಿದ: "ಏನಿಲ್ಲ ಇಕ್ಕಳ, ಅವನನ್ನೂ ಒಂದು ದವಡೆ ಹಲ್ಲು ಅಂದ್ಕೋ!"

ಚಿಕ್ಕ ಮಾವ ಮಾತ್ರ ಸಿಟ್ಟಾದ. "ಸುಮ್ನಿರ್ರೀ ಎಲ್ರೂ! ಅಣ್ಣ, ನೀನು ಟೈಮಿಗೆ ಸರಿಯಾಗಿ ಬಿಟ್ಬಿಡು. ನಾನು ನೋಡ್ಕೋತೀನಿ."

ಬಿಡುತ್ತೇನೆ ಎಂದು ದೊಡ್ಡ ಮಾವ ತಮ್ಮನ ತಲೆ ಮುಟ್ಟಿ ಹೇಳಿದ.

ಮರುದಿನ ದಡದ ತುಂಬ ನಮ್ಮ ಬೀದಿಯೇ. ಅಟ್ಟದ ಮೇಲೆ ದೊಡ್ಡ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೊಸಳೆಯಂತೆ ಮಲಗಿದ್ದ. "ರೆಡಿ" ಎಂದರು. "ಸೆಟ್" ಎಂದರು. ಪಿಸ್ತೂಲು ಸಿಡಿಯಿತು. ಕೆಂಪು ಗಡ್ಡದವನು ಹುಟ್ಟನ್ನು ನೀರಿಗೆ ನಾಟಿ ಜಗ್ಗಿದ. ದೋಣಿ ಕೊಸರಿತು.

ಕೊಸರಿದ್ದೇ ತಪ್ಪಾಯಿತು. ದೊಡ್ಡ ಮಾವನ ಮನಸ್ಸು ಬಿಡು ಎಂದಿತು. ಕೈಗಳು ಮನಸ್ಸಿನ ಸಂಬಳದಲ್ಲಿರಲಿಲ್ಲ, ಡಾಕ್ಟರ ಸಂಬಳದಲ್ಲಿದ್ದವು. ಕೊಸರಿದ್ದನ್ನು ಬಿಗಿಯಾಗಿ ಹಿಡಿಯುವುದಷ್ಟೇ ಅವಕ್ಕೆ ಗೊತ್ತು. ಅವು ಠಣ್ ಎಂಬ ಸದ್ದಿಗೆ ಕಾಯುತ್ತಿದ್ದವು. ಅರೆಗಳಿಗೆಯಲ್ಲಿ ಬಿಟ್ಟನೆನ್ನಿ. ಆದರೆ ಅಷ್ಟರಲ್ಲಿ ಉಳಿದ ದೋಣಿಗಳು ಒಂದು ಮೂತಿ ಮುಂದಿದ್ದವು.

ಚಿಕ್ಕ ಮಾವ ಮೂರನೆಯವನಾಗಿ ಬಂದ. ಕೆಂಪು ಗಡ್ಡ ನಾಲ್ಕನೆಯವ.

ದಡದಲ್ಲಿ ಚಪ್ಪಲಿಗಳು ಆಕಾಶಕ್ಕೆ ಹಾರಿದವು. ಅಜ್ಜಿ ಇಸ್ತ್ರಿಯವನನ್ನೇ ತಬ್ಬಿಕೊಂಡಳು. ದೊಡ್ಡ ಮಾವ ಅಟ್ಟದಿಂದ ಇಳಿದು ಬಂದಾಗ ಕಂಡದ್ದು ಬೇರೆ. ಕೆಂಪು ಗಡ್ಡದವನ ಕೋಚು ಅವನ ಮುಖದ ಮುಂದೆ ಬೆರಳು ಆಡಿಸುತ್ತ ಬಯ್ಯುತ್ತಿದ್ದ. ಗಡ್ಡದವನು ಒದ್ದೆ ತಲೆ ಬಗ್ಗಿಸಿ ನಿಂತಿದ್ದ. ತನ್ನದೇ ಏನೋ ತಪ್ಪಾಗಿದೆ ಎಂದುಕೊಂಡು ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ದೊಡ್ಡ ಮಾವ ನೆಟ್ಟಗೆ ತೀರ್ಪುಗಾರರ ಮೇಜಿಗೆ ಹೋದ. ಅವರ ಭಾಷೆ ಇವನಿಗಿಲ್ಲ, ಇವನ ಭಾಷೆ ಅವರಿಗಿಲ್ಲ. ತನ್ನೆದೆ ತಟ್ಟಿಕೊಂಡ, ನೀರು ತೋರಿಸಿದ, ಗಾಳಿಯಲ್ಲಿ ಏನನ್ನೋ ಹಿಡಿದು ತೋರಿಸಿದ. ಚಹಾ ಬೇಕೇನೋ ಎಂದು ಒಬ್ಬರು ಲೋಟ ಚಾಚಿದರು. ಆಗ ಪಕ್ಕದ ಕುರ್ಚಿಯಲ್ಲಿ ವಿಜಯೋತ್ಸಾಹದಲ್ಲಿದ್ದ ನಮ್ಮ ಡಾಕ್ಟರ ಹಿಂದೆ ಹೋಗಿ ನಿಂತು, ಅವರ ತಲೆಯನ್ನೇ ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ.

"ಏಳಿ ಡಾಕ್ಟ್ರೇ."

"ಏಯ್, ಏನಯ್ಯಾ ಇದು? ಬಿಡಯ್ಯಾ!"

"ಏಳೋಕೆ ನೋಡಿ ಅಂತೀನಿ."

ಡಾಕ್ಟರು ಕಾಲು ಬಡಿದರು, ಕುರ್ಚಿಯ ಕೈ ಹಿಡಿದು ಮೇಲೆದ್ದು ನೋಡಿದರು. ದೇಹವೆಲ್ಲ ಎದ್ದಿತು, ತಲೆ ಕುರ್ಚಿಯಲ್ಲೇ ಉಳಿಯಿತು. ಜಗತ್ತಿನ ನಾನಾ ದೇಶಗಳ ತೀರ್ಪುಗಾರರಿಗೆ ಏಕಕಾಲದಲ್ಲಿ ಸತ್ಯದರ್ಶನವಾಯಿತು. ಸಂಜೆ ಓಟ ಮತ್ತೊಮ್ಮೆ ನಡೆಯಬೇಕೆಂದು ತೀರ್ಮಾನಿಸಿದರು.

ಚಿಕ್ಕ ಮಾವ ಓಡಿಬಂದ. "ಯಾಕಣ್ಣ?"

"ಕೈ ಹಿಡಿದ್ಬಿಡ್ತು ಕಣೋ."

"ಹಿಡೀತು ಸರಿ. ಹೇಳಿದ್ದು ಯಾಕೆ?"

"ಆ ಕೋಚು ಅವನಿಗೆ ಬಯ್ತಾ ಇದ್ದ. ನಿಂತು ನೋಡೋಕಾಗ್ಲಿಲ್ಲ."

ಚಿಕ್ಕ ಮಾವನ ಬಾಯಿಗೆ ಬಹಳ ಮಾತು ಬಂದಿತ್ತು. ಆದರೆ ಅಷ್ಟರಲ್ಲಿ ಸಂಜೆಯ ಓಟಕ್ಕೆ ತಯಾರಾಗಲು ಕರೆದರು. ಈ ಬಾರಿ ಐದನೆಯ ದೋಣಿಯ ಬಾಲ ಹಿಡಿದದ್ದು ಬೇರೆ ಯಾರೋ. ದೊಡ್ಡ ಮಾವ ದಡದಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಗಂಟಲು ಹರಿಯುವ ಹಾಗೆ ತಮ್ಮನನ್ನು ಕೂಗಿದ. ಕೆಂಪು ಗಡ್ಡ ಮೊದಲು ಬಂದ. ಮೂರನೆಯವನಿಗೂ ನಾಲ್ಕನೆಯವನಿಗೂ ಇದ್ದ ಅಂತರ ಕಾಣಲು ತೀರ್ಪುಗಾರರು ಫೋಟೋಕ್ಕೆ ಮೂಗು ತಾಗಿಸಬೇಕಾಯಿತು. ನಾಲ್ಕನೆಯವನು ಚಿಕ್ಕ ಮಾವ.

ನಮ್ಮ ಬೀದಿಯ ನ್ಯಾಯ ವಿಚಿತ್ರ. ಹಿಡಿದದ್ದಕ್ಕೆ ಯಾರೂ ತಪ್ಪು ಹೊರಿಸಲಿಲ್ಲ, ಒಪ್ಪಿಕೊಂಡದ್ದಕ್ಕೆ ಎಲ್ಲರೂ ಮೈಮೇಲೆ ಬಿದ್ದರು. "ಕೈ ಬಿಡೋಕೂ ಬರಲ್ಲ, ಬಾಯಿ ಮುಚ್ಚೋಕೂ ಬರಲ್ಲ!" ಎಂದು ಇಸ್ತ್ರಿಯವನು ಶುರುಮಾಡಿದ. ಮಂಡಿಯೂರಿ ಜೋಮು ಹಿಡಿದ ಕಾಲನ್ನು ಎಳೆದುಕೊಂಡು ದಡಕ್ಕೆ ಬಂದ ಚಿಕ್ಕ ಮಾವ ಅವನ ಎದೆಗೆ ಹುಟ್ಟು ಒತ್ತಿ ಹಿಡಿದ.

"ನಮ್ಮಣ್ಣಂಗೆ ಬಯ್ಯೋದು ನನ್ನ ಕೆಲಸ. ನೀನು ನಿನ್ನ ಕೆಲಸ ನೋಡ್ಕೋ."

ಕೋಚ್ ಕೆಲಸ ತಪ್ಪಿದ್ದರಿಂದ ಈ ಕೆಲಸವನ್ನೇ ಅವನು ಕಾಯಂ ಮಾಡಿಕೊಂಡ. ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಮನೆ ಮಾಡಿದ ಮೇಲೂ ಪ್ರತಿ ಭಾನುವಾರ ತಪ್ಪದೆ ಬಂದು, ಚಹಾ ಕುಡಿಯುತ್ತ ಬಯ್ಯುತ್ತಿದ್ದ.

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಾನಿವತ್ತು ಕೋಚು."

"ಹೌದು ಕಣೋ."

"ಹೌದು ಅಂದ್ಬಿಟ್ರೆ ಆಯ್ತಾ?"

"ಇಲ್ಲ ಕಣೋ."

ನಡುನಡುವೆ ಮಕ್ಕಳ ಫೀಸು, ಮಂಡಿನೋವು, ಸೋರುವ ನಲ್ಲಿ ಎಲ್ಲದರ ಮಾತೂ ಆಗಿಹೋಗುತ್ತಿತ್ತು. ಎದ್ದು ಹೊರಡುವಾಗ ದೊಡ್ಡ ಮಾವ ಬೀದಿಯ ತಿರುವಿನವರೆಗೆ ಹೋಗಿ ಬಿಟ್ಟುಬರುತ್ತಿದ್ದ. ಅಜ್ಜಿ ಹೋದಳು, ಇಸ್ತ್ರಿ ಅಂಗಡಿ ಮೊಬೈಲ್ ಅಂಗಡಿಯಾಯಿತು, ಡಾಕ್ಟರಿಗೇ ಹಲ್ಲುಸೆಟ್ಟು ಬಂತು. ಭಾನುವಾರದ ಬೈಗುಳ ಮಾತ್ರ ನಿಲ್ಲಲಿಲ್ಲ.

ಹೋದ ತಿಂಗಳು ಚಿಕ್ಕ ಮಾವನಿಗೆ ಜ್ವರ. ಭಾನುವಾರ ಬರಲಿಲ್ಲ. ದೊಡ್ಡ ಮಾವ ಮಧ್ಯಾಹ್ನದವರೆಗೆ ಬಾಗಿಲು ನೋಡಿ, ನನ್ನನ್ನು ಜೊತೆಗೆ ಕರೆದುಕೊಂಡು ಎರಡು ಬಸ್ಸು ಬದಲಿಸಿ ಹೊರಟ. ಚಿಕ್ಕ ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ಈಗೀಗ ತನ್ನ ಕಿವಿ ಮಂದವಾಗಿರುವುದರಿಂದ ದೊಡ್ಡ ಮಾವ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತ.

"ಬಂದಿದೀನಿ ಕಣೋ. ಶುರು ಮಾಡು."

ಚಿಕ್ಕ ಮಾವ ಕೆಮ್ಮುತ್ತ ಈಚೆ ಹೊರಳಿದ. "ಇವತ್ತು ಆಗಲ್ಲ ಅಣ್ಣ. ಗಂಟಲು ಕಟ್ಟಿದೆ."

"ಮೆಲ್ಲಗೇ ಬಯ್ಯಿ. ನನಗೇನು ಅವಸರ ಇಲ್ಲ."